ಅಣ್ಣನ ದೋಣಿಗೆ ಜೋಡಿ ಎಂಜಿನ್

ರಾಣೆಬೆನ್ನೂರಿನಲ್ಲಿ ನಮ್ಮದೊಂದು ಅಂಗಡಿ. ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್, ಮೋಟಾರು, ಪೈಪು, ಅವುಗಳ ಬಿಡಿಭಾಗ ಮಾರುವುದು ನಮ್ಮ ಕಸುಬು. ಹಿಂದಿನ ಶೆಡ್ಡಿನಲ್ಲಿ ನನ್ನ ಗಂಡ ರಿಪೇರಿ ಮಾಡುತ್ತಾರೆ, ಮುಂದೆ ಗಲ್ಲಾದ ಮೇಲೆ ನಾನು ಕೂಡುತ್ತೇನೆ. ಮದುವೆಯಾಗಿ ಬಂದಾಗಿನಿಂದ ಎಂಜಿನ್ ಸದ್ದಿನಲ್ಲೇ ಊಟ, ಸದ್ದಿನಲ್ಲೇ ಮಾತು. ಹಾಗಾಗಿ ಎಂಜಿನ್ ನನಗೆ ಬೆರಗಿನ ವಸ್ತುವೇನೂ ಆಗಿರಲಿಲ್ಲ. ಕಿರಾಣಿ ಅಂಗಡಿಯವರಿಗೆ ಬೆಲ್ಲದ ಪೆಂಟೆ ಹೇಗೋ ನನಗೆ ಅದು ಹಾಗೆ.

ಅಣ್ಣ ಕರಾವಳಿಯಿಂದ ದೋಣಿ ತಂದ ಮೇಲೆ ಅದು ಬದಲಾಯಿತು.

ನನ್ನ ತವರು ಮೇಡ್ಲೇರಿಯ ಆಚೆ, ತುಂಗಭದ್ರೆಯ ದಂಡೆಯ ಊರು. ಅಣ್ಣ ಮೀಸೆ ಮೂಡುವ ವಯಸ್ಸಿಗೇ ಊರು ಬಿಟ್ಟು ಸಮುದ್ರದ ಕಡೆ ಹೋದವನು. ಅಲ್ಲಿ ಒಬ್ಬ ಶ್ರೀಮಂತರ ದೋಣಿ ನಡೆಸುತ್ತಿದ್ದ. ಅವರಿಗೆ ಆಳ ಸಮುದ್ರಕ್ಕೆ ಹೋಗಿ, ಬಲೆಯಲ್ಲಲ್ಲ, ಗಾಳ ಹಾಕಿ ದೊಡ್ಡ ಮೀನು ಹಿಡಿಯುವ ಶೋಕಿ. ದೋಣಿಗೆ ಜೋಡಿ ಡೀಸೆಲ್ ಎಂಜಿನ್. ಅವುಗಳ ನೆತ್ತಿಯ ಮೇಲೆ ನಿಂತೇ ಅಣ್ಣನ ಹರೆಯ ಕಳೆಯಿತು, ಕಿವಿಯೂ ಹೋಯಿತು. ಡಾಕ್ಟರು ಕೊಟ್ಟ ಕಿವಿಯ ಯಂತ್ರ ಹಾಕಿಕೊಂಡರೆ ತಟ್ಟೆ ಲೋಟದ ಸದ್ದೆಲ್ಲ ಚೀರಿದಂತೆ ಕೇಳುತ್ತದೆಂದು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾನೆ. ನಮ್ಮ ತುಟಿ ನೋಡಿ ಮಾತು ತಿಳಿಯುತ್ತಾನೆ. ದೋಣಿಯ ಮಾಲೀಕರಿಗೆ ವಯಸ್ಸಾಗಿ ಸಮುದ್ರಕ್ಕೆ ಹೋಗುವುದು ನಿಂತಿತು. ದೋಣಿ ಬಂದರಿನಲ್ಲಿ ಕಟ್ಟಿದಲ್ಲೇ ಉಳಿದು, ಉಪ್ಪು ತಿಂದು ಎಂಜಿನ್ ಕೆಟ್ಟವು. ಕೊನೆಗೆ ಅವರೇ ಅಣ್ಣನಿಗೆ, ಇದನ್ನು ನಡೆಸಿದವನು ನೀನು, ನೀನೇ ಒಯ್ಯಿ ಎಂದರಂತೆ.

ಲಾರಿ ರಾಣೆಬೆನ್ನೂರಿನ ಬೈಪಾಸಿಗೆ ಬಂದಿದೆ ಎಂದು ಫೋನ್ ಬಂದಾಗ ಗಂಡ ಹೆಂಡತಿ ಇಬ್ಬರೂ ಹೋದೆವು. ದೋಣಿ ಎಂದರೆ ನನ್ನ ಕಣ್ಣಿಗಿದ್ದದ್ದು ಹೊಳೆಯ ಹರಿಗೋಲು. ಲಾರಿಯ ಮೇಲಿದ್ದದ್ದು ನಮ್ಮ ಅಂಗಡಿಗಿಂತ ಉದ್ದ. ನೀರಿನ ಕೆಳಗೆ ಸದಾ ಅಡಗಿರುವ ಹೊಟ್ಟೆ ಅಂದು ಬಿಸಿಲಿನಲ್ಲಿ ಬಯಲಾಗಿತ್ತು. ಮುಂಭಾಗ ಚೂಪಾಗಿ, ಹಿಂದಕ್ಕೆ ಬರುತ್ತ ಅಗಲವಾಗಿ, ಎಲ್ಲೂ ಒಂದು ಮೂಲೆಯಿಲ್ಲದ ಬಿಳಿ ಮೈ. ಮೆಕ್ಕೆಜೋಳದ ಟ್ರ್ಯಾಕ್ಟರ್‌ಗಳು ನಿಂತು ನೋಡಿ ಮುಂದೆ ಹೋಗುತ್ತಿದ್ದವು. ನಾನು ಕೈಯೆತ್ತಿ ಅದರ ಮೈ ಸವರಿದೆ. ಇಷ್ಟು ದೊಡ್ಡದು ನೀರಿನ ಮೇಲೆ ನಿಲ್ಲುತ್ತದೆ ಎಂಬುದು ಹಗಲಿನಷ್ಟು ನಿಜವಿದ್ದರೂ ನಂಬಲಾಗಲಿಲ್ಲ.

ಅಣ್ಣ ಲಾರಿಯಿಂದ ಇಳಿದು ನನ್ನ ಮುಖ ನೋಡಿ ನಕ್ಕ. ಅವನ ಮಾತು ಯಾವಾಗಲೂ ಜೋರು. "ತಂಗೀ, ಎರಡೂ ಎಂಜಿನ್ ಸತ್ತಾವು. ಹೊಸಾವು ನೀನ ಆರಿಸಿ ಕೊಡಬೇಕು."

"ನಾನು ಮಾರೂದು ಹೊಲದ ಎಂಜಿನ್ ಅಣ್ಣಾ," ಅಂದೆ.

"ಕಿವಿ ನಿಂದು, ಕೈ ನಂದು. ಕೂಡಿ ನೋಡೂಣಂತ."

ದೋಣಿಯನ್ನು ತವರಿನ ಕಣದಲ್ಲಿ ದಿಮ್ಮಿಗಳ ಮೇಲೆ ಕೂಡಿಸಿದರು. ನೆಲದ ಹಲಗೆ ಎತ್ತಿದಾಗ ಒಳಗೆ ಎರಡು ಎಂಜಿನ್, ಅಕ್ಕಪಕ್ಕ ಮಲಗಿದ ಎಮ್ಮೆಗಳ ಹಾಗೆ. ಆರಾರು ಸಿಲಿಂಡರಿನವು. ಉಪ್ಪುನೀರು ಒಳಗಿನ ದಾರಿಗಳನ್ನೆಲ್ಲ ತಿಂದು, ಕಬ್ಬಿಣ ಪದರ ಪದರವಾಗಿ ಕೈಗೆ ಬರುತ್ತಿತ್ತು. ನನ್ನ ಗಂಡ ಉದ್ದನೆಯ ಪಾನಾ ಹಾಕಿ ತಿರುಗಿಸಲು ನೋಡಿದರು. ಒಂದು ಎಳೆಯಷ್ಟೂ ಅಲುಗಲಿಲ್ಲ. ಮುಕ್ಕಾಲಿ ನಿಲ್ಲಿಸಿ, ಚೈನ್ ಬ್ಲಾಕ್ ಕಟ್ಟಿ ಎರಡನ್ನೂ ಎತ್ತಿ ತೆಗೆದೆವು. ಎರಡನೆಯದು ಗಾಳಿಯಲ್ಲಿ ತೂಗುತ್ತಿದ್ದಾಗ ಅಣ್ಣ ಚಪ್ಪಲಿ ಬಿಟ್ಟು ನಿಂತಿದ್ದ.

ಅಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ ನನ್ನ ಗಂಡ ತಮ್ಮ ವಿಚಾರ ಹೇಳಿದರು. "ಅಣ್ಣಾರ, ಎರಡ ಯಾಕ ಬೇಕು? ನಡಬರಕ ಒಂದ ದೊಡ್ಡದು ಕೂಡಸೂಣು. ಒಂದ ಎಂಜಿನ್, ಒಂದ ಕೆಲಸ. ಇದು ಹೊಳಿ, ಸಮುದ್ರ ಅಲ್ಲ."

ಅಣ್ಣ ಅವರ ತುಟಿಯನ್ನೇ ನೋಡಿ ಒಂದು ಸಂಗತಿ ಹೇಳಿದ. ಒಮ್ಮೆ ದಡ ಕಾಣದಷ್ಟು ದೂರ ಹೋದಾಗ ಗಾಳಿ ಎದ್ದಿತಂತೆ. ತೆರೆ ದೋಣಿಗಿಂತ ಎತ್ತರ. ಆಗಲೇ ಬಲಗಡೆಯ ಎಂಜಿನ್ ನಿಂತಿತು. "ಎಡಗಡೀದು ಒಂದ ನಮ್ಮನ್ನ ಎಳಕೊಂಡು ಬಂತು ನೋಡ್ರಿ. ಹೊಸಾ ದೋಣಿ ಇದ್ದಾಗ ಅದರ ಜೊತಿ ನಾ ಒಂದು ಮಾತೂ ಆಡಿರಲಿಲ್ಲ. ಅವತ್ತು ದಂಡಿ ಮುಟ್ಟೂಮಟ ಅದರ ಕೂಡ ಮಾತಾಡಿಕೋತ ಬಂದೆ. ಹೊಳಿಯೊಳಗ ಸೆಳವು ಇಲ್ಲಂತೀರೇನು? ಎಂಜಿನ್ ನಿಂತರ ಮಡುವಿನಿಂದ ಬಂಡೆಗಲ್ಲಿಗೆ ಹೋಗಿ ಬಡೀತೀವಿ."

ನನ್ನ ಗಂಡ ಮತ್ತೆ ಒಂದರ ಮಾತು ಎತ್ತಲಿಲ್ಲ.

ಮೊದಲು ಹೋದದ್ದು ಹಾವೇರಿಗೆ, ಹಳೆಯ ಲಾರಿಗಳನ್ನು ಬಿಚ್ಚಿ ಮಾರುವ ಒಂದು ಗುಜರಿಗೆ. ಅಲ್ಲಿ ಎರಡು ಎಂಜಿನ್‌ಗಳನ್ನು ತೊಳೆದು, ಬಣ್ಣ ಬಳಿದು ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಿಸಿದ್ದರು. ಎರಡೂ ಒಂದೇ ಮಾದರಿ. ಮಾಲೀಕರು ಚಾಲೂ ಮಾಡಿದಾಗ ನಾನು ಕಿವಿಗೊಟ್ಟು ಕೇಳಿದೆ. ಬಡಿತವಿಲ್ಲ, ತೊದಲಿಲ್ಲ. ಅಣ್ಣನಿಗೆ ಚೆನ್ನಾಗಿವೆ ಎಂದು ಸನ್ನೆ ಮಾಡಿದೆ. ಅಣ್ಣ ಎರಡರ ನಡುವೆ ನಿಂತು, ಒಂದೊಂದರ ಮೇಲೆ ಒಂದೊಂದು ಅಂಗೈ ಇಟ್ಟು ಕಣ್ಣು ಮುಚ್ಚಿದ. ಆ ನಿಲುವಿನಲ್ಲೇ ಬಹಳ ಹೊತ್ತು ಇದ್ದ. ಹೊಗೆ ಅವನ ಮುಖದ ಮೇಲಿಂದ ಹಾಯುತ್ತಿತ್ತು.

"ಜೋಡಿ ಅಲ್ಲ ಇವು," ಅಂದ.

"ಒಂದ ಕಂಪನಿದಾವ್ರೀ," ಅಂದರು ಮಾಲೀಕರು.

"ಇರಬಹುದ್ರಿ. ಒಂದು ಗಟ್ಟಿ ದುಡದೈತಿ, ಒಂದು ಕುಂತು ಉಂಡೈತಿ. ಒಂದು ಎಳೀತೈತಿ, ಒಂದು ಎಳಸಿಕೊಂತೈತಿ. ದೋಣಿ ಸೀದಾ ಹೋಗೂದಿಲ್ಲ."

ಮಾಲೀಕರು ಸಿಟ್ಟಾಗಲಿಲ್ಲ. ನಕ್ಕು, ಎರಡೂ ಬೇರೆ ಬೇರೆ ಲಾರಿಯವೇ ಹೌದೆಂದು ಒಪ್ಪಿಕೊಂಡು ನಮಗೆ ಚಹಾ ತರಿಸಿದರು.

ಆಮೇಲೆ ದೋಣಿಗೆಂದೇ ಮಾಡಿದ ಹೊಸ ಎಂಜಿನ್‌ಗಳ ವಿಚಾರ. ಹಳೆಯವುಗಳಷ್ಟೇ ಶಕ್ತಿಯವು ಬೇಕೆಂದು ಅಣ್ಣನ ಹಟ. ಆ ದೋಣಿ ಪೂರ್ತಿ ವೇಗ ಕೊಟ್ಟಾಗ ನೀರನ್ನು ಸೀಳುವುದು ಬಿಟ್ಟು, ಮೇಲೆದ್ದು ನೀರಿನ ಬೆನ್ನ ಮೇಲೆ ಓಡುತ್ತಿತ್ತಂತೆ. ಅದನ್ನು ಹೇಳುವಾಗ ಅವನ ಎರಡೂ ಕೈ ತಾವಾಗಿಯೇ ಮೇಲೇಳುತ್ತಿದ್ದವು. ನಮ್ಮ ಹೊಳೆಯೋ, ಮಡುವಿನ ಉದ್ದಕ್ಕೆ ಮಾತ್ರ ಆಳ. ಆಚೆ ಬಂಡೆ, ಉಸುಕು. ನಾನು ಅವನ ಮುಂದೆ ಕುಳಿತು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದೆ:

"ಅಣ್ಣಾ, ಇಲ್ಲಿ ಅದು ಎಲ್ಲಿಗೆ ಓಡಬೇಕು?"

ಅವನು ಎದ್ದು ಹೊಳೆಯ ಕಡೆ ಹೋದ. ನಾನು ಅವನ ಹೆಗಲಿನ ಮೇಲೆ ಕಲ್ಲು ಹೇರಿದೆನೇನೋ ಎಂದು ಸಂಕಟವಾಯಿತು. ಮರುದಿನ ಬೆಳಿಗ್ಗೆ ಅವನೇ ಅಂಗಡಿಗೆ ಬಂದ. "ಓಡೂದು ಬ್ಯಾಡ. ತೇಲಲಿ, ಸೆಳವಿಗೆ ಎದಿ ಕೊಡಲಿ, ಸಾಕು. ಎಷ್ಟು ಭಾರ ತಡೀತೈತಿ ಅಂತ ದೋಣಿನ್ನ ಕೇಳೂಣು."

ದೋಣಿಯನ್ನು ಕೇಳಿದ ರೀತಿ ನಾನು ಹಿಂದೆಂದೂ ನೋಡಿರದಂಥದ್ದು. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಅದನ್ನು ದಂಡೆಗೆ ತಂದು, ಹಿಂದೆ ಹಿಂದೆ ನೂಕುತ್ತ ಮಡುವಿಗೆ ಇಳಿಸಿದೆವು. ಚಕ್ರದ ಮೇಲೆ ಕಿರಗುಟ್ಟುತ್ತಿದ್ದ ಆ ಬೆಟ್ಟದಂಥ ಮೈ ನೀರು ಮುಟ್ಟಿದ್ದೇ ಸದ್ದಿಲ್ಲದೆ ಹಗುರಾಯಿತು. ಕಟ್ಟಿದ ಹಗ್ಗವನ್ನು ನಾನೊಬ್ಬಳೇ ಹಿಡಿದೆಳೆದರೆ ಸಾಕು, ನನ್ನ ಕಡೆ ಬರುತ್ತಿತ್ತು. ಹಗ್ಗ ಬಿಟ್ಟು ಮತ್ತೆ ಎಳೆದೆ. ಮತ್ತೆ ಬಂತು. ಅದನ್ನೇ ಇನ್ನೂ ಕೆಲವು ಸಲ ಮಾಡಿದೆ, ನನ್ನ ಗಂಡ ನಗುತ್ತಿದ್ದರೂ.

ಹರಿಗೋಲಿನವರ ಸಹಾಯದಿಂದ ಉಸುಕಿನ ಚೀಲಗಳನ್ನು ಒಯ್ದು ಎಂಜಿನ್ ಇದ್ದ ಜಾಗದಲ್ಲಿ, ಎರಡೂ ಬದಿ ಸಮನಾಗಿ ಇಟ್ಟೆವು. ಹಳೆಯ ಎಂಜಿನ್‌ಗಳ ತೂಕಕ್ಕೆ ಸರಿಯಾಗಿ ಹೇರಿದಾಗ ದೋಣಿಯ ಹಿಂಭಾಗ ಕುಗ್ಗಿತು. ಮೈಮೇಲೆ ಬಳಿದ ನೀಲಿ ಗೆರೆ, ಅಂದರೆ ನೀರು ಎಲ್ಲಿಯವರೆಗೆ ಇರಬೇಕೆಂಬ ಗುರುತು, ಹಿಂದೆ ಮುಳುಗಿಹೋಯಿತು. ವರ್ಷಗಟ್ಟಲೆ ನೀರು ಹೀರಿ ಹಳೆಯ ದೋಣಿಯ ಮೈ ಭಾರವಾಗಿರುತ್ತದೆ ಎಂದ ಅಣ್ಣ. ಅವನು ಎದೆಮಟ್ಟದ ನೀರಿನಲ್ಲಿ ನಿಂತು ಗೆರೆ ನೋಡುತ್ತ ಕೈಮಾಡಿದಂತೆಲ್ಲ, ಒಳಗಿದ್ದವರು ಎರಡೂ ಬದಿಯಿಂದ ಒಂದೊಂದು ಚೀಲ ಇಳಿಸುತ್ತಿದ್ದರು. ಗೆರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆ ಬಂತು. ಕೊನೆಗೆ ಮುಂದಿನಿಂದ ಹಿಂದಿನವರೆಗೆ ನೀರಿಗೂ ಗೆರೆಗೂ ಒಂದೇ ಅಂತರ. ಅಣ್ಣ ಎರಡೂ ಕೈ ಮೇಲೆತ್ತಿ, ಸಾಕು ಎಂದ. ಒಳಗೆ ಉಳಿದ ಉಸುಕಿನ ತೂಕವೇ ನಮ್ಮ ಎಂಜಿನ್‌ಗಳ ತೂಕ. ಅಂದರೆ ಆರು ಸಿಲಿಂಡರ್ ಅಲ್ಲ, ನಾಲ್ಕರವು ಬೇಕು. ಜೊತೆಗೆ ಮಳೆಗಾಲದ ರಾಡಿನೀರು ಎಂಜಿನ್ನಿನ ಒಳಗೆ ಹೊಗಬಾರದು. ಒಳಗಿನ ನೀರು ಒಳಗೇ ಸುತ್ತಬೇಕು, ಹೊಳೆಯ ನೀರು ಪಕ್ಕದ ಕೊಳವೆಯಲ್ಲಿ ಹರಿದು ಅದನ್ನು ತಣಿಸಬೇಕು.

ಕೈಗೆಟುಕುವ ಬೆಲೆಗೆ ಅಂಥ ಜೋಡಿ ಸಿಕ್ಕಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಕರೆಂಟು ಹೋದಾಗ ಜನರೇಟರ್ ತಿರುಗಿಸಲೆಂದು ಒಂದೇ ಸಲಕ್ಕೆ ತಂದ ಎರಡು ಎಂಜಿನ್. ದೊಡ್ಡದೊಂದು ಬಂದ ಮೇಲೆ ಇವು ಖಾಲಿ ಕುಳಿತಿದ್ದವು. ಪಾಳಿಯ ಮೇಲೆ ಒಂದು ದಿನ ಒಂದು, ಮರುದಿನ ಇನ್ನೊಂದು ಎಂದು ನಡೆಸಿದ್ದರಿಂದ ಎರಡೂ ಸಮನಾಗಿ ದುಡಿದಿದ್ದವು. ಜನರೇಟರಿನ ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತದೆ, ದೋಣಿಗೆ ಏರಿಳಿತ ಬೇಕಲ್ಲವೇ ಎಂದು ನಾನು ಅನುಮಾನಿಸಿದೆ. ಎಂಜಿನ್ನಿಗೆ ಡೀಸೆಲ್ ಊಡುವ ಪಂಪಿನಲ್ಲಿ ಅದನ್ನು ಬದಲಿಸಬಹುದು, ಪಂಪನ್ನು ಹುಬ್ಬಳ್ಳಿಗೆ ಒಯ್ದು ಮಾಡಿಸೋಣ ಎಂದರು ನನ್ನ ಗಂಡ.

ಎಂಜಿನ್ ಕೋಣೆಯ ಪಕ್ಕದಲ್ಲೇ ಮೆಣಸಿನಕಾಯಿ ಚೀಲಗಳ ಅಟ್ಟಿ. ಬಾಗಿಲು ತೆರೆದರೆ ಘಾಟು. ನಾನು ಒಂದೇ ಸಮನೆ ಸೀನುತ್ತಿದ್ದೆ, ಎಂಜಿನ್ ಏನು ಹೇಳುತ್ತಿದೆಯೋ ಒಂದೂ ತಿಳಿಯಲಿಲ್ಲ. ಅಣ್ಣ ಗೋಡೆಗೆ ಒರಗಿಸಿದ್ದ ಕಬ್ಬಿಣದ ಸಳಿ ತೆಗೆದುಕೊಂಡ. ಅದರ ಒಂದು ತುದಿ ಎಂಜಿನ್ನಿನ ಮೈಗೆ, ಇನ್ನೊಂದು ತುದಿ ತನ್ನ ದವಡೆಗೆ ಒತ್ತಿ ಹಿಡಿದ. ಅವನ ಮುಖ ಸಡಿಲಾಯಿತು. ಎರಡನೆಯ ಎಂಜಿನ್ನಿಗೂ ಹಾಗೇ ಮಾಡಿದ. ಮತ್ತೆ ಮೊದಲಿನದಕ್ಕೆ.

ನಾನು ಹತ್ತಿರ ಹೋಗಿ, "ಕೇಳತೈತೇನು?" ಎಂದೆ.

"ಕೇಳೂದಲ್ಲ ಇದು. ಒಳಗ ಬರತೈತಿ. ನೀನೂ ನೋಡು."

ಸಳಿ ತೆಗೆದುಕೊಂಡು ಕಿವಿಯ ಕೆಳಗಿನ ಎಲುಬಿಗೆ ಒತ್ತಿದೆ. ಸೀನು ಅಲ್ಲಿಗೇ ನಿಂತಿತು. ಹೊರಗೆ ಬರೀ ಗದ್ದಲವಾಗಿದ್ದದ್ದು ತಲೆಯೊಳಗೆ ಬಿಡಿಬಿಡಿಯಾಗಿ ಬಿಚ್ಚಿಕೊಂಡಿತು. ವಾಲ್ವುಗಳು ಮುಚ್ಚುವ ಸಣ್ಣ ಟಕಟಕ, ಡೀಸೆಲ್ ಚಿಮ್ಮುವ ಚುರುಕು, ಕೆಳಗೆ ಎಲ್ಲೋ ಭಾರವಾದದ್ದೊಂದು ಎಣ್ಣೆಯಲ್ಲಿ ಸುತ್ತುವ ಗುಂಯ್‌. ಸಳಿಯನ್ನು ತುಸು ಸರಿಸಿದರೆ ಮುಂದಿನ ಸಿಲಿಂಡರ್, ಇನ್ನೂ ಸರಿಸಿದರೆ ಅದರ ಮುಂದಿನದು, ಒಂದೊಂದೂ ತನ್ನ ಸರದಿಗೆ ಕಾದು ಬೆಂಕಿ ಹಿಡಿಯುತ್ತಿತ್ತು. ಇಷ್ಟು ವರ್ಷ ನಾನು ಮಾರಿದ ಪ್ರತಿಯೊಂದರ ಒಳಗೂ ಇದು ನಡೆದಿತ್ತು. ಬೆಂಕಿ ಮತ್ತು ಕಬ್ಬಿಣ ಇಷ್ಟು ಶಿಸ್ತಿನಿಂದ ಒಂದರ ಹಿಂದೆ ಒಂದು ಬರುವುದನ್ನು ಕೇಳುತ್ತ ನನ್ನ ಮೈ ಜುಮ್ಮೆಂದಿತು. ಅಣ್ಣ ನನ್ನ ಮುಖ ನೋಡುತ್ತಿದ್ದ. ನನ್ನ ಕಣ್ಣಲ್ಲಿ ನೀರಿತ್ತು. ಅದು ಮೆಣಸಿನಕಾಯಿಯದು ಎಂದುಕೊಂಡು ಅಲ್ಲಿನ ಮ್ಯಾನೇಜರ್ ನೀರು ತಂದುಕೊಟ್ಟರು.

"ಜೋಡಿ ಹೌದಿಲ್ಲೋ?" ಎಂದು ಅಣ್ಣ ಕೇಳಿದ.

"ಅವಳಿ ಜವಳಿ," ಅಂದೆ.

ಕೂಡಿಸಲು ಒಂದು ಬೇಸಿಗೆ ಹಿಡಿಯಿತು. ಕುಮಾರಪಟ್ಟಣದ ಒಬ್ಬ ವೆಲ್ಡರ್ ಎಂಜಿನ್ ಕೂರುವ ಕಬ್ಬಿಣದ ಪೀಠಗಳನ್ನು ಹೊಸದಾಗಿ ಮಾಡಿದರು. ಕರಾವಳಿಯಿಂದ ದೋಣಿಯ ಗೇರ್‌ಬಾಕ್ಸ್‌ಗಳು ಬಂದವು. ದೋಣಿಯ ಕೆಳಗೆ ನೀರು ತಳ್ಳುವ ಎರಡೂ ಫ್ಯಾನು ಒಂದೇ ಕಡೆ ತಿರುಗಿದರೆ ದೋಣಿ ಓರೆ ಹೋಗುತ್ತದಂತೆ. ಅದಕ್ಕೆ ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ತಿರುಗುವಂತೆ ಜೋಡಿಸಿದರು. ಪರವಾನಗಿಯ ಓಡಾಟವನ್ನೆಲ್ಲ ನನ್ನ ಗಂಡ ಮಾಡಿದರು. ಫ್ಯಾನು ತಿರುಗಿಸುವ ಉದ್ದನೆಯ ದಂಡಗಳನ್ನು ಎಂಜಿನ್ನಿಗೆ ಸೀದಾ ಕೂಡಿಸುವಾಗ ಅವರೂ ಅಣ್ಣನೂ ಊಟದ ನೆನಪಿಲ್ಲದೆ ಮಲಗಿ, ತೆವಳಿ ದುಡಿದರು. ಕಾಗದದ ದಪ್ಪದಷ್ಟು ಓರೆಯಾದರೂ ಬಿಚ್ಚಿ ಮತ್ತೆ ಮೊದಲಿನಿಂದ.

ಮಳೆ ಬಿದ್ದು, ಹೊಳೆ ತುಂಬಿ, ಕೆಂಪುನೀರು ಇಳಿದು ತಿಳಿಯಾದ ಮೇಲೆ ಒಂದು ಮುಂಜಾನೆ ದೋಣಿ ಹೊರಟಿತು. ಅಣ್ಣ ಬರಿಗಾಲಿನಲ್ಲಿ ನಿಂತಿದ್ದ. ನಾನೂ ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ನಿಂತೆ. ಹಲಗೆಯಿಂದ ಅಂಗಾಲಿಗೆ, ಅಂಗಾಲಿನಿಂದ ಮೊಣಕಾಲಿಗೆ ಎರಡೂ ಎಂಜಿನ್ ಒಂದೇ ನಡುಕವಾಗಿ ಏರಿ ಬಂದವು. ನಡು ಹೊಳೆಯಲ್ಲಿ ಅವನು ಮೇಲ್ಮುಖವಾಗಿ ತಿರುಗಿಸಿದ. ಸೆಳವು ಎದುರಿಗೆ. ದೋಣಿ ನೀರಿನ ಮೇಲೆ ಓಡಲಿಲ್ಲ, ಹಾರಲಿಲ್ಲ. ಹೊಳೆಯ ಅಷ್ಟೂ ಭಾರಕ್ಕೆ ಎದೆ ಕೊಟ್ಟು, ಅವಸರವಿಲ್ಲದೆ ಮುಂದೆ ನಡೆಯಿತು. ಚಿಕ್ಕಂದಿನಲ್ಲಿ ಅದೇ ಮಡುವಿನ ಅಂಚಿಗೆ ನಿಂತು, ಕೆಳಗೆ ಹರಿಯುವುದಷ್ಟೇ ನೀರಿಗೆ ಗೊತ್ತು, ಅದರ ಜೊತೆ ಏನು ಹೋದರೂ ಮರಳಿ ಬರುವುದಿಲ್ಲ ಎಂದುಕೊಂಡಿದ್ದೆ. ಈಗ ದಂಡೆಯ ಜಾಲಿ ಗಿಡಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು.

"ಹೆಂಗನಿಸತೈತಿ?" ಎಂದು ಕೇಳಿದೆ.

"ಸಾವಕಾಶ ಹೋಗಾಕತ್ತೇವಿ," ಅಂದ ಅಣ್ಣ. "ಸಮುದ್ರದಾಗ ಇಷ್ಟು ಸಾವಕಾಶ ಎಂದೂ ಹೋಗಿರಲಿಲ್ಲ. ದಂಡಿಮ್ಯಾಗಿನ ಮಂದಿ ಮಾರಿ ಕಾಣತಾವು."

ಹೌದು, ಮುಖಗಳು ಕಾಣುತ್ತಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಎದ್ದು ನಿಂತಿದ್ದರು. ಈಗ ಅವರಲ್ಲಿ ಎಷ್ಟೋ ಮಂದಿ ಆಚೆ ದಂಡೆಯ ಹೊಲಕ್ಕೆ ಅದೇ ದೋಣಿಯಲ್ಲಿ ಹೋಗುತ್ತಾರೆ. ಗಾಳ ಹಿಡಿದು ಬರುವವರನ್ನೂ ಅಣ್ಣ ಮಡುವಿಗೆ ಕರೆದೊಯ್ಯುತ್ತಾನೆ. ಅಂದು ಮಾತ್ರ ನಾವು ಮೂವರೇ ಇದ್ದೆವು. ನಾನು ಹಿಂದಿನ ತುದಿಗೆ ಹೋಗಿ ನೋಡಿದೆ. ಎರಡು ಬಿಳಿ ದಾರಿಗಳು ದೋಣಿಯ ಕೆಳಗಿನಿಂದ ಹೊರಟು, ಅಗಲವಾಗುತ್ತ ಅಗಲವಾಗುತ್ತ ಹೋಗಿ ಎರಡೂ ದಂಡೆಯ ಕೆಸರನ್ನು ಮೆಲ್ಲಗೆ ಮುಟ್ಟುತ್ತಿದ್ದವು. ನನ್ನ ಗಂಡ ಅಂಗಡಿ ತೆಗೆಯುವ ಹೊತ್ತಾಯಿತು ಎಂದರು. ನಾನು ಇನ್ನೊಂದು ಸುತ್ತು ಹೋಗೋಣ ಎಂದೆ. ಅಣ್ಣ ನನ್ನ ತುಟಿ ನೋಡಿ ದೋಣಿ ತಿರುಗಿಸಿದ.