ಗಜ ಸೀಳುವ ಅಕ್ಕ

ಕೋವಿ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಅಂಗಡಿ ಮೊದಲು ಅಪ್ಪನದು, ಅಪ್ಪ ಹೋದ ಮೇಲೆ ತಮ್ಮನದು. ಬೋರ್ಡಿನಲ್ಲಿ ಅವಳ ಹೆಸರಿರಲಿಲ್ಲ. ಆದರೆ ಗಿರಾಕಿಗಳು ಒಳಗೆ ಕಾಲಿಡುತ್ತಲೇ ಕೇಳುತ್ತಿದ್ದರು: "ಗಜ ಅಕ್ಕ ಮಾಡಿದ್ದು ತಾನೆ?"

ಹಳೆಯ ಮಾದರಿಯ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ಹಾಕಿ, ಉದ್ದನೆಯ ಮರದ ಕಡ್ಡಿಯಿಂದ ತಳದವರೆಗೆ ದೂಡಬೇಕು. ಆ ಕಡ್ಡಿಯೇ ಗಜ. ನೋಡಿದರೆ ಯಾರು ಬೇಕಾದರೂ ಮಾಡಬಹುದು ಅನ್ನಿಸುತ್ತದೆ. ಅಕ್ಕ ಮಾತ್ರ ಮರವನ್ನು ಗರಗಸಕ್ಕೆ ಕೊಡುತ್ತಿರಲಿಲ್ಲ. ದಿಮ್ಮಿಗೆ ಬೆಣೆ ಹೊಡೆದು ಸೀಳುತ್ತಿದ್ದಳು. ಸೀಳಿದರೆ ಮರ ತನ್ನ ಎಳೆಯ ಜಾಡು ಹಿಡಿದೇ ಬಿಚ್ಚಿಕೊಳ್ಳುತ್ತದೆ. ಗರಗಸಕ್ಕೆ ಎಳೆಯ ಗೊಡವೆಯಿಲ್ಲ. ಎಳೆ ಪಕ್ಕಕ್ಕೆ ಹರಿದ ಗಜ ಒಂದಲ್ಲ ಒಂದು ದಿನ ಓರೆಯಾಗಿ ಮುರಿಯುತ್ತದೆ, ಮುರಿದ ತುದಿ ಈಟಿಯಾಗುತ್ತದೆ, ದೂಡುತ್ತಿದ್ದ ಕೈ ಅದರ ಮೇಲೆಯೇ ಇಳಿಯುತ್ತದೆ.

ಹತ್ತು ಸೀಳಿದರೆ ಮೂರು ಉಳಿಯುತ್ತಿದ್ದವು. ಗಂಟಿದ್ದದ್ದು, ಸೊಟ್ಟಗಿದ್ದದ್ದು ಒಲೆಗೆ. ಉಳಿದವನ್ನು ಹೆರೆದು, ಉಜ್ಜಿ, ಒಂದು ಬಾಯಿ ಮುಚ್ಚಿದ ಕಬ್ಬಿಣದ ಕೊಳವೆಯಲ್ಲಿ ಅಗಸೆ ಎಣ್ಣೆ ತುಂಬಿ ತಿಂಗಳು ಮುಳುಗಿಸಿಡುತ್ತಿದ್ದಳು. ಆಮೇಲೆ ಒರೆಸಿ, ನೇತುಹಾಕಿ ಹದಿನೈದು ದಿನ ಒಣಗಿಸಬೇಕು. ಕೊನೆಗೆ ಮಂಡಿಗೆ ಆನಿಸಿ ಬಿಲ್ಲಿನಂತೆ ಬಗ್ಗಿಸಿ ನೋಡುವಳು. ಚಟ್ ಎಂದಿತೋ, ಅದರ ಕಥೆ ಮುಗಿಯಿತು.

ಮದುವೆಯ ಮಾತಿಗೆ ಬಂದವನ ಮುಖ ಬಿಟ್ಟು ಅವನು ಕೂತ ಕುರ್ಚಿಯ ಕಾಲು ನೋಡಿ, "ಸ್ವಲ್ಪ ಈ ಕಡೆ ಸರ್ಕೊಳ್ಳಿ, ಅದು ಸೀಳು ಬಿಟ್ಟಿದೆ" ಅಂದಳಂತೆ. ಆತ ಸರಿದವನು ಹಾಗೇ ಬಾಗಿಲು ದಾಟಿ ಹೋದ ಎಂದು ತಮ್ಮ ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಒಂದು ವರ್ಷ ಗುರಿಗಾರರ ಕ್ಲಬ್ಬಿನವರು ಪಂದ್ಯಕ್ಕೆಂದು ನಲವತ್ತು ಗಜ ಕೇಳಿದರು. ತಮ್ಮ ಹೂಂ ಅಂದುಬಿಟ್ಟ. ಸಿದ್ಧವಿದ್ದದ್ದು ಹನ್ನೊಂದು.

"ಮೂರು ವಾರದಲ್ಲಿ ಆಗಲ್ಲ ಕಣೋ. ಹನ್ನೊಂದೇ ಕೊಡು."

"ನಿಂದು ಯಾವಾಗ್ಲೂ ಇದ್ದದ್ದೇ. ಬಿಡು, ನಾನು ನೋಡ್ಕೋತೀನಿ."

ಅವನು ಪರದೆ ಕೋಲು ಮಾಡುವ ಕಾರ್ಖಾನೆಯಿಂದ ಇಪ್ಪತ್ತೊಂಬತ್ತು ಕೋಲು ತಂದು, ಬಣ್ಣ ಬಳಿದು, ಮೇಲೆ ಎಣ್ಣೆ ಸವರಿ, ಅಕ್ಕನ ಹನ್ನೊಂದರ ಜೊತೆ ಕಟ್ಟಿ ಕಳಿಸಿದ. ಅವಳಿಗೆ ಸುಳಿವೂ ಕೊಡಲಿಲ್ಲ.

ಪಂದ್ಯದ ಬೆಳಿಗ್ಗೆ ಒಬ್ಬ ದರ್ಜಿಯ ಕೈಯಲ್ಲಿ ಗಜ ಮುರಿಯಿತು. ಬಲ ಅಂಗೈಗೆ ಹೊಕ್ಕು ಹಿಂಬದಿಯಿಂದ ಹೊರಬಂತು.

ಕ್ಲಬ್ಬಿನ ಕಾರ್ಯದರ್ಶಿ ಮುರಿದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ತಂದ. ತಮ್ಮ ಅವನ್ನು ಮುಟ್ಟಲೂ ಇಲ್ಲ.

"ಗಜ ಎಲ್ಲಾ ನಮ್ಮಕ್ಕಂದೇ ಸರ್. ನಾನು ಅದಕ್ಕೆ ಕೈ ಹಾಕಲ್ಲ."

ಅಕ್ಕ ತುಂಡನ್ನು ಬೆಳಕಿಗೆ ಹಿಡಿದಳು. ಗೇಣಿನೊಳಗೇ ಎಳೆ ಪಕ್ಕಕ್ಕೆ ಹರಿದಿತ್ತು. ಎಣ್ಣೆ ಒಳಗಿಳಿದೇ ಇರಲಿಲ್ಲ. ಇದು ತನ್ನದಲ್ಲ. ತಮ್ಮನ ಕಡೆ ನೋಡಿದಳು. ಅವನು ಡ್ರಾಯರಿನಲ್ಲಿ ಏನೋ ಹುಡುಕುತ್ತಿದ್ದ. ಒಳಬಾಗಿಲಲ್ಲಿ ನಿಂತ ಅವನ ಹೆಂಡತಿ ಕಣ್ಣಲ್ಲೇ ಬೇಡ ಎಂದಳು. ಲೈಸೆನ್ಸ್ ಹೋದರೆ ಅಂಗಡಿ ಹೋಯಿತು. ಅಂಗಡಿಯ ಮೇಲೆಯೇ ಎಲ್ಲರ ಮನೆ. ಅಕ್ಕ "ನೋಡ್ತೀನಿ" ಎಂದಷ್ಟೇ ಅಂದಳು. ಅದು ಒಪ್ಪಿಕೊಂಡಂತಾಯಿತು.

ಆ ಸಂಜೆ ಅಟ್ಟದಲ್ಲಿ ಅವಳಿಗೆ ಬಣ್ಣದ ಡಬ್ಬಿ ಸಿಕ್ಕಿತು, ಕತ್ತರಿಸಿ ಬಿಟ್ಟ ಪರದೆ ಕೋಲಿನ ತುದಿಗಳೂ ಸಿಕ್ಕವು.

"ಯಾಕೋ ಹೀಗೆ ಮಾಡಿದೆ?"

"ಮಾತು ಕೊಟ್ಬಿಟ್ಟಿದ್ದೆ ಅಕ್ಕಾ. ನಿಂಗೇನು, ನಿನ್ನ ಹೆಸರೇನು ಬೋರ್ಡಲ್ಲಿದ್ಯಾ? ಜನ ನಾಕು ದಿನ ಮಾತಾಡಿ ಮರೀತಾರೆ."

ಆರನೆಯ ದಿನ ಅವಳು ದರ್ಜಿಯ ಮನೆಗೆ ಹೋದಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಮಾತಾಡಿದ್ದು ಅವನ ಹೆಂಡತಿ.

"ಎರಡು ಬೆರಳು ಇನ್ನು ಮಡಚೋಕಾಗಲ್ಲ ಅಂದ್ರು ಡಾಕ್ಟ್ರು. ಇವರ ಹತ್ರ ಬೇರೆ ಗಜ ಇತ್ತು. ಅಕ್ಕನ ಕೈಯಿಂದು ಅಂದಿದ್ದಕ್ಕೇ ಇದನ್ನ ತಗೊಂಡ್ರು."

ಅಕ್ಕ ಅಲ್ಲಿಂದ ನೇರ ಕ್ಲಬ್ಬಿಗೆ ಹೋಗಿ ಕಡ್ಡಿ ಮುರಿದಂತೆ ಎಲ್ಲವನ್ನೂ ಹೇಳಿದಳು. ಕೋಲಿನ ತುದಿಗಳನ್ನು ಮೇಜಿನ ಮೇಲಿಟ್ಟಳು.

"ಇದು ಯಾರ ಮನೆ ಕಿಟಕೀದೋ ಯಾರಿಗೆ ಗೊತ್ತು?" ಅಂದ ಕಾರ್ಯದರ್ಶಿ. "ಆವತ್ತು ತುಂಡು ಕೈಲಿಟ್ಟಾಗ ಯಾಕಮ್ಮಾ ಹೇಳ್ಲಿಲ್ಲ? ಈಗ ಒಡಹುಟ್ಟಿದೋನ ಮೇಲೆ ಹಾಕ್ತಿದ್ದೀರಲ್ಲ."

"ಉಳಿದ ಗಜ ತರಿಸಿ, ಬಗ್ಗಿಸಿ ನೋಡಿ. ನನ್ನದು ಯಾವುದು ಅಂತ ನಿಮಗೇ ಗೊತ್ತಾಗುತ್ತೆ."

"ಅವನ್ನೆಲ್ಲ ನಿಮ್ಮ ತಮ್ಮನೇ ವಾಪಸ್ ತಗೊಂಡು ಹೋದನಲ್ಲ, ಅಪಾಯ ಅಂತ!"

ಮನೆಗೆ ಬಂದು ನೋಡಿದರೆ ಒಲೆಯಲ್ಲಿ ಬೂದಿ. ಇಪ್ಪತ್ತೊಂಬತ್ತರ ಜೊತೆ ಅವಳ ಹನ್ನೊಂದನ್ನೂ ಅವನು ಸುಟ್ಟಿದ್ದ.

ಆ ವಾರವೇ ಅವಳು ಮನೆ ಬಿಟ್ಟು, ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ಹಿಂದಿನ ಕೋಣೆಯಲ್ಲೇ ವಾಸ. ತಮ್ಮ ಉಕ್ಕಿನ ಗಜ ಮಾರತೊಡಗಿದ. ಎರಡು ವರ್ಷದ ಮೇಲೆ ಒಂದು ದಿನ ಲಾಂಡ್ರಿಗೆ ಬಂದ.

"ಒಬ್ಬರು ಹಳೇ ಕೋವಿ ತಂದಿದ್ದಾರೆ ಅಕ್ಕಾ. ಮರದ ಗಜಾನೇ ಬೇಕಂತೆ. ಮಾಡ್ಕೊಡ್ತೀಯಾ?"

"ದರ್ಜಿ ಹತ್ರ ಹೋಗಿ ನಿಜ ಹೇಳಿದ್ಯಾ?"

"ಅದೆಲ್ಲ ಈಗ್ಯಾಕೆ..."

"ಹಾಗಾದ್ರೆ ಹೊರಡು. ದಾರೀಲಿ ನಿಂತಿದ್ದೀಯ, ಬಟ್ಟೆ ಸಾಗಿಸೋರಿಗೆ ಅಡ್ಡ."

ಅವನು ಮತ್ತೆ ಬರಲಿಲ್ಲ. ಬರುವವಳು ದರ್ಜಿಯ ಹೆಂಡತಿ. ಈಗ ಹೊಲಿಗೆಯೆಲ್ಲ ಅವಳದೇ. ಇಸ್ತ್ರಿಗೆ ಕೋಟು ತಂದರೆ ಅಕ್ಕನ ಕೈಗೆ ಮಾತ್ರ ಕೊಡುವುದಿಲ್ಲ. ಪಕ್ಕದ ಮೇಜಿನವಳು ಊಟ ಮುಗಿಸಿ ಬರುವವರೆಗೂ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಾಳೆ.