ಡ್ರಿಲ್ ಮಾಸ್ತರರ ಆಣೆ

ಅವರ ಕ್ಯಾನ್ವಾಸ್ ಬೂಟಿನ ಹಿಮ್ಮಡಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಬಯಲಿನಲ್ಲಿ ಓಟದ ಗೆರೆ ಎಳೆಯಲು ಅವರಿಗೆ ಹಗ್ಗ ಬೇಕಿರಲಿಲ್ಲ. ಸುಣ್ಣದ ಪುಡಿಯ ಡಬ್ಬಿ ಹಿಡಿದು ಹಿಂದಕ್ಕೆ ಸರಿಯುತ್ತ ಹೋದರೆ ನೂರು ಮೀಟರಿನ ಗೆರೆ ಒಂಚೂರೂ ಡೊಂಕಿಲ್ಲದೆ ಬೀಳುತ್ತಿತ್ತು. "ಕಣ್ಣ ಎದರಿಗೆ ಇರಬೇಕ್ರಿ ಸರ್, ಕಾಲು ತಾವ ಬರ್ತಾವು" ಎನ್ನುತ್ತಿದ್ದರು. ಕಮತಗಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮಾಸ್ತರರು, ನಾನು ವಿಜ್ಞಾನದ ಮಾಸ್ತರ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಹೊಸಬನಾದ ನನಗೆ ಬಾಡಿಗೆ ಮನೆ ಸಿಗದಿದ್ದಾಗ ಎರಡು ತಿಂಗಳು ತಮ್ಮ ಪಡಸಾಲೆಯಲ್ಲಿ ಇಟ್ಟುಕೊಂಡು ರೊಟ್ಟಿ ಹಾಕಿದವರು. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡದೆ ಒಂದು ಗುಟುಕು ಚಹಾ ಕುಡಿಯದ ಮನುಷ್ಯ.

ಒಂದು ವರ್ಷ ಗೆರೆ ಡೊಂಕಾಯಿತು. ಕಾಲು ಅಗಲಿಸಿ ನಡೆಯತೊಡಗಿದರು, ನಾಲಿಗೆ ತೊದಲಿತು. ಬೆಳಿಗ್ಗೆ ತಲೆನೋವು, ಶಾಲೆಯ ಹಿಂದೆ ಹೋಗಿ ವಾಂತಿ. ವಾಕರಿಕೆಗೆಂದು ಬಾಯಲ್ಲಿ ಲವಂಗ ಇಟ್ಟುಕೊಂಡರೆ "ವಾಸನಿ ಮುಚ್ಚಾಕ" ಎಂದರು ಜನ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯಬಾರದು ಎನ್ನುತ್ತಾರೆ. ಇವರು ಆ ಮರದ ಹತ್ತಿರವೂ ಸುಳಿದಿರಲಿಲ್ಲ.

ಆಗಸ್ಟ್ ಹದಿನೈದರ ಕವಾಯತಿನಲ್ಲಿ ಅತಿಥಿಗಳ ಮುಂದೆಯೇ ಮುಗ್ಗರಿಸಿ ಬಿದ್ದರು. ಮರುದಿನ ಮುಖ್ಯಾಧ್ಯಾಪಕರು ನಮ್ಮೆಲ್ಲರನ್ನೂ ಕೂಡಿಸಿ ಕೇಳಿದರು: "ಖರೆ ಹೇಳ್ರಿ, ಕುಡದಿದ್ರಿಲ್ಲೋ?"

ಡ್ರಿಲ್ ಮಾಸ್ತರರು ಎದ್ದು ನಿಂತರು. ಕೊರಳಲ್ಲಿದ್ದ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಕೈ ಚಾಚಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. "ಈ ಲಿಂಗದ ಆಣಿ, ನಾ ಒಂದ ಹನಿನೂ..." ಎನ್ನುವಷ್ಟರಲ್ಲಿ ಕೈ ಗಡಗಡ ನಡುಗಿ ಲಿಂಗ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಬೆರಳು ಲಿಂಗವನ್ನು ದಾಟಿ ಆಚೆಗೆ ಹೋಗಿ ಬರೀ ನೆಲ ತಡವಿತು.

ಮುಖ್ಯಾಧ್ಯಾಪಕರು ಕೈಮುಗಿದರು. "ಇನ್ನೇನ ಕೇಳೂದೈತ್ರಿ? ಲಿಂಗನ ಹೇಳ್ತಲ್ಲ."

ಇಂಥವರು ಶಾಲೆಗೆ ಬೇಡ ಎಂದು ಆಡಳಿತ ಮಂಡಳಿಗೆ ಅರ್ಜಿ ಬರೆದರು. ಎಲ್ಲರೂ ಸಹಿ ಮಾಡಿದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ನಾನೂ ಮಾಡಿದೆ. ಅದೇ ವಾರ ಒಂಬತ್ತನೇ ಇಯತ್ತೆಗೆ ಮೆದುಳಿನ ಪಾಠ ಮಾಡಿದ್ದೆ. ತಲೆಯ ಹಿಂಭಾಗದ ಕಿರುಮೆದುಳು ನಡಿಗೆಯ ಹದ ಕಾಯುತ್ತದೆ, ಕೈ ಎಷ್ಟು ದೂರ ಚಾಚಬೇಕೆಂದು ಅಳೆಯುತ್ತದೆ, ಅದಕ್ಕೆ ಪೆಟ್ಟಾದವನು ಕುಡಿದವನಂತೆ ತೂರಾಡುತ್ತಾನೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹುಡುಗರಿಂದ ಬಾಯಿಪಾಠ ಮಾಡಿಸಿದ್ದೆ. ಆ ಪಾಠ ಹೇಳಿದ ಬಾಯಿಗೆ ಬೆಂಕಿ ಬೀಳಲಿ.

ಅವರ ನೌಕರಿ ಹೋಯಿತು. ಮೂರು ತಿಂಗಳ ನಂತರ ಅವರ ಹೆಂಡತಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದೊಯ್ದಾಗ ಗೊತ್ತಾಯಿತು, ಕಿರುಮೆದುಳಿನಲ್ಲಿ ಗಡ್ಡೆ ಬೆಳೆದಿತ್ತು. ಕೈಮೀರಿದೆ ಎಂದರಂತೆ. ನಾನು ಮನೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಕ್ಷಮೆ ಕೇಳಿದೆ. ಒಂದೊಂದೇ ಶಬ್ದ ಎಳೆದು ಹೇಳಿದರು: "ಕುಡೀತಿದ್ರ... ಬಿಡತಿದ್ದೆರಿ ಸರ್. ಇದನ್ನ ಹೆಂಗ ಬಿಡ್ಲಿ?" ಆಮೇಲೆ ಹೆಂಡತಿಗೆ ನನಗೆ ಚಹಾ ಮಾಡಲು ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ತಾಯಿ ಡಾಕ್ಟರರ ಚೀಟಿಯನ್ನು ಶಾಲೆಗೆ ತಂದು, "ಎಲ್ಲಾರ ಮುಂದ ಒಮ್ಮಿ ಓದ್ರಿ, ಅಷ್ಟ ಸಾಕು" ಎಂದು ಬೇಡಿಕೊಂಡರು. ಮುಖ್ಯಾಧ್ಯಾಪಕರು ಅದನ್ನು ಫೈಲಿಗೆ ಸೇರಿಸಿದರು. ನಾನು ಅಲ್ಲೇ ಕೂತಿದ್ದೆ. ಎದ್ದು ಇಸಿದುಕೊಂಡು ಓದಬಹುದಿತ್ತು. ಓದಲಿಲ್ಲ, ಅಷ್ಟೇ.

ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡರು. ಮಣ್ಣಿಗೆ ಬಂದವರು ಇಪ್ಪತ್ತು ಜನವೂ ಇರಲಿಲ್ಲ. ಕುಣಿಯ ಹತ್ತಿರ ನನ್ನ ಪಕ್ಕದಲ್ಲಿ ನಿಂತಿದ್ದ ಕಿರಾಣಿ ಅಂಗಡಿಯವನು ಮೆಲ್ಲಗೆ, "ಭಾಳ ಛಲೋ ಮನಷ್ಯಾರ ಇದ್ರು. ಕುಡದ ಕುಡದ ಹಾಳಾದ್ರು ನೋಡ್ರಿ" ಎಂದ.

ನನಗೆ ಮೈ ಉರಿದುಹೋಯಿತು. "ಅವ್ರು ಒಂದ ಹನಿ ಮುಟ್ಟಿದವರಲ್ಲ. ತಲ್ಯಾಗ ಗಡ್ಡಿ ಆಗಿತ್ತು" ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದೆ. ನಾಲ್ಕಾರು ಜನ ತಿರುಗಿ ನೋಡಿದರು.

ಅಂಗಡಿಯವನ ಮುಖದಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಹೌದೇನ್ರಿ?" ಎಂದ. "ಮತ್ತ ನೀವೂ ಸಹಿ ಮಾಡಿದ್ರಂತಲ್ರಿ?"