ಓಮಿನ ಹೊಗೆ ಅಲ್ಲ

ಸವಣೂರಿನ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಮಂಚದಡಿಯಿಂದ ಹೊಗೆ ಏಳುತ್ತಿತ್ತು. ಯಾರೂ ಗಾಬರಿಯಾಗಲಿಲ್ಲ. ಅರವತ್ತರ ದಶಕವದು, ಬಾಣಂತಿಯ ಮಂಚದಡಿ ಶೇಗಡಿಯಲ್ಲಿ ಕೆಂಡ ಇಟ್ಟು ಓಮು ಉದುರಿಸುವುದು ಆಸ್ಪತ್ರೆಯಲ್ಲೂ ತಪ್ಪಿರಲಿಲ್ಲ.

ಪಕ್ಕದ ಮಂಚದಲ್ಲಿದ್ದ ದಿನ ತುಂಬಿದ ಬಸುರಿ ಹಸೀನಾ, ಹತ್ತಿಮತ್ತೂರಿನ ಗಾದಿ ಹೊಲಿಯುವವರ ಸೊಸೆ, ತಟ್ಟನೆ ಎದ್ದು ಕುಳಿತಳು.

“ಇದು ಓಮಿನ ಹೊಗಿ ಅಲ್ರಿ ಅಕ್ಕ. ಹತ್ತಿ ಸುಡಾಕತ್ತೈತಿ. ಕೂಸು ಎತ್ಗೊಳ್ರಿ.”

ಮೂರು ದಿನದ ಮಗಳನ್ನು ಎದೆಗವಚಿಕೊಂಡು ಇಳಿಯುವಷ್ಟರಲ್ಲಿ ಗಾದಿ ಹೊತ್ತಿ ಉರಿಯಿತು. ಮುಂಬಾಗಿಲು ಬೆಂಕಿಯ ಆಚೆಗಿತ್ತು. ಹಿಂಬಾಗಿಲಿಗೆ ಓಡಿದರೆ, ಅದಕ್ಕೆ ಒತ್ತಿ ಇದ್ದಿಲಿನ ಚೀಲಗಳನ್ನು ಪೇರಿಸಿಟ್ಟಿದ್ದರು. ಹಸೀನಾ ಆ ಹೊಟ್ಟೆ ಹೊತ್ತುಕೊಂಡೇ, ಬಾಣಂತನಕ್ಕೆಂದು ನನ್ನ ಬಳಿ ಉಳಿದಿದ್ದ ಅವ್ವನ ಜೊತೆ ಒಂದೊಂದನ್ನೇ ಎಳೆದು ಹಾಕಿದಳು. ಕೆಮ್ಮುತ್ತ ಹಿತ್ತಿಲಿಗೆ ಬಿದ್ದೆವು.

ಮುಂದೆ ಅದೇ ಮಗಳ ಹೆರಿಗೆಯಾದಾಗ ಎಲ್ಲರೂ ಕೂಸಿನ ಮುಖ ನೋಡಲು ನುಗ್ಗಿದರು. ನಾನು ಮೊದಲು ಆಸ್ಪತ್ರೆಯ ಹಿಂಬಾಗಿಲು ತೆಗೆದು ನೋಡಿ ಬಂದೆ.